ಯುಗೆತ್ ಪೇರಾಳ ಅಣಬೆ ಜಾಗ

ಯುಗೆತ್ ಪೇರಾ ಮೂವತ್ತೊಂದು ವರ್ಷ ಶಾಂಬೆರಾಕ್ ಊರಿನ ಅಂಚೆಯನ್ನು ಸೈಕಲ್ ಮೇಲೆ ಹಂಚಿದವಳು. ಲಕೋಟೆಯನ್ನು ಬೆರಳಲ್ಲಿ ಹಿಡಿದರೆ ಸಾಕು, ಒಳಗಿರುವುದು ಮದುವೆಯ ಕರೆಯೋ ವಕೀಲರ ನೋಟಿಸೋ ಎಂದು ಹೇಳಬಲ್ಲೆ ಎನ್ನುವ ಹಮ್ಮು ಅವಳದು. ಹತ್ತರಲ್ಲಿ ನಾಲ್ಕು ಸಲ ಊಹೆ ತಪ್ಪುತ್ತಿತ್ತು. ತಪ್ಪಿದ್ದನ್ನು ಅವಳು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ನಿವೃತ್ತಿಯಾಗಿ ಎಂಟು ವರ್ಷವಾದರೂ ಊರಿಗೆ ಬಂದ ಕಾರಿನ ನಂಬರ್ ಪ್ಲೇಟಿನ ಬಲತುದಿಯ ಎರಡು ಅಂಕಿ ನೋಡದೆ ಅವಳಿಗೆ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹತ್ತೊಂಬತ್ತು ಇದ್ದರೆ ನಮ್ಮ ಕೊರೆಜ್ ಜಿಲ್ಲೆಯವರು. ಬೇರೆ ಇದ್ದರೆ, ಅದರಲ್ಲೂ ಸೆಪ್ಟೆಂಬರಿನಲ್ಲಿ, ಅಣಬೆ ಕಳ್ಳರು.

ಆ ಸೆಪ್ಟೆಂಬರಿನಲ್ಲಿ ಬಂದ ಬಿಳಿ ಕ್ಯಾಂಪರ್ ವ್ಯಾನಿನ ಅಂಕಿ ಐವತ್ತೊಂಬತ್ತು. ದೇಶದ ಉತ್ತರ ತುದಿಯ, ಬೆಲ್ಜಿಯಂ ಗಡಿಯವರು. ಹಿಂದೆ ಎರಡು ಸೈಕಲ್ ಕಟ್ಟಿಕೊಂಡು ಬಂದು ಊರಿನ ಹಳೆಯ ಬಟ್ಟೆ ತೊಳೆಯುವ ಕಟ್ಟೆಯ ಪಕ್ಕ ನಿಲ್ಲಿಸಿದರು. ಅರವತ್ತು ದಾಟಿದ ಗಂಡ ಹೆಂಡತಿ. ಒಂದು ದಿನ ಇದ್ದು ಹೋಗುತ್ತೇವೆ ಎಂದು ಬ್ರೆಡ್ ಅಂಗಡಿಯಲ್ಲಿ ಹೇಳಿದರಂತೆ. ನಾಲ್ಕು ದಿನವಾದರೂ ಹೋಗಲಿಲ್ಲ. ವ್ಯಾನಿನ ಪಕ್ಕ ಪರದೆ ಬಿಚ್ಚಿ, ಮಡಚುವ ಕುರ್ಚಿ ಹಾಕಿ, ಎರಡು ಪ್ಲೇನ್ ಮರದ ನಡುವೆ ಬಟ್ಟೆ ಒಣಹಾಕಿದರು. ಹತ್ತು ಗಂಟೆಗೆ ತಿಂಡಿ. ಹನ್ನೊಂದಕ್ಕೆ ಸೈಕಲ್ ಏರಿ ಲಾ ಫೇಜ್ ಕಾಡಿನ ಕಡೆಗೆ ಹೊರಟರೆ ಬರುವುದು ನಾಲ್ಕಕ್ಕೆ. ಗಂಡನ ಸೈಕಲ್ಲಿನ ಹಿಂದೆ ದೊಡ್ಡ ಬೆತ್ತದ ಬುಟ್ಟಿ, ಅದರ ಮೇಲೆ ಬಟ್ಟೆ ಮುಚ್ಚಿರುತ್ತಿತ್ತು.

ಆ ಬುಟ್ಟಿ ಯುಗೆತ್‌ಳ ನಿದ್ದೆ ಕೆಡಿಸಿತು. ಊರು ನೋಡಲು ಬಂದವರು ಅರ್ಧ ದಿನದಲ್ಲಿ ನೋಡಿ ಮುಗಿಸುತ್ತಾರೆ, ಶಾಂಬೆರಾಕಿನಲ್ಲಿ ನೋಡುವಂಥದ್ದು ಇರುವುದೇ ಅಷ್ಟು. ದಿನಾ ಅದೇ ದಾರಿ ಯಾಕೆ? ಬುಟ್ಟಿಗೆ ಬಟ್ಟೆ ಯಾಕೆ? ಬ್ರೆಡ್ ಅಂಗಡಿಯವಳು, ಪಾಪ, ಒಳ್ಳೆಯ ಜನ ಎಂದಿದ್ದಕ್ಕೆ, ಒಳ್ಳೆಯವರಿಗೂ ಅಣಬೆ ರುಚಿಸುತ್ತದೆ ಎಂದು ಯುಗೆತ್ ಬಾಯಿ ಮುಚ್ಚಿಸಿದಳು.

ಲಾ ಫೇಜ್ ಕಾಡಿನಲ್ಲಿ ಅವಳ ಜಾಗವಿತ್ತು. ಹಳೆಯ ಚೆಸ್ಟ್‌ನಟ್ ಮರಗಳ ಇಳಿಜಾರು, ಜರಿಗಿಡಗಳ ಮರೆ. ಮಳೆ ಬಿದ್ದು ಎರಡು ದಿನ ಬಿಸಿಲಾದರೆ ಅಲ್ಲಿ ಅಂಗೈಯಗಲದ ಸೆಪ್ ಅಣಬೆಗಳು ಏಳುತ್ತಿದ್ದವು. ಇಂಥ ಜಾಗವನ್ನು ನಮ್ಮಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ಹೆಂಡತಿಗೂ ಹೇಳದೆ ಸತ್ತವರಿದ್ದಾರೆ. ಅಪ್ಪ ಆಸ್ಪತ್ರೆಯಲ್ಲಿ ಕೊನೆಯ ವಾರ ಯುಗೆತ್‌ಳನ್ನು ಹತ್ತಿರ ಕರೆದು, ಯಾವ ಬೇಲಿ ದಾಟಬೇಕು, ಯಾವ ಕಲ್ಲಿನ ಹತ್ತಿರ ಎಡಕ್ಕೆ ತಿರುಗಬೇಕು ಎಂದು ಹೇಳಿದ್ದ. ತಮ್ಮ ಫೆರ್ನಾಂಗೆ ಹೇಳಬೇಡ, ಅವನ ಬಾಯಿಗೆ ಬೀಗವಿಲ್ಲ, ಎರಡು ಲೋಟ ವೈನ್ ಒಳಗಿಳಿದರೆ ಊರಿಗೆಲ್ಲ ಡಂಗುರ ಸಾರುತ್ತಾನೆ ಎಂದೂ ಹೇಳಿದ್ದ. ಅಪ್ಪನನ್ನು ಮಣ್ಣು ಮಾಡಿ ಬಂದ ದಿನವೇ ಫೆರ್ನಾಂ ಕೇಳಿದ, ಅಪ್ಪ ಜಾಗ ಹೇಳಿದನಾ ಎಂದು. ಇಲ್ಲ, ಏನೂ ಹೇಳಲಿಲ್ಲ ಎಂದಳು ಯುಗೆತ್. ಅವನು ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಎದ್ದು ಹೋದ. ಅಂದಿನಿಂದ ಇಪ್ಪತ್ತೆರಡು ವರ್ಷ, ರಸ್ತೆಯ ಆಚೆ ಮನೆಯ ತಮ್ಮ ಈಚೆ ಮನೆಯ ಅಕ್ಕನೊಂದಿಗೆ ಮಾತಾಡಲಿಲ್ಲ.

ಈಗ ಆ ಜಾಗಕ್ಕೆ ಐವತ್ತೊಂಬತ್ತನೆಯ ನಂಬರಿನವರು ಕೈ ಹಾಕುವುದೆಂದರೆ? ಪ್ರತಿ ಸಲ ಬೇರೆ ದಾರಿ ಹಿಡಿದು ವಾರಕ್ಕೊಮ್ಮೆ ಮಾತ್ರ ಹೋಗುತ್ತಿದ್ದ ಯುಗೆತ್ ದಿನಾ ಹೋಗತೊಡಗಿದಳು. ಐದನೆಯ ದಿನ ಅವರ ಬೆನ್ನು ಬಿದ್ದಳು. ಅವರ ಸವಾರಿಯೋ, ದೇವರಿಗೇ ಪ್ರೀತಿ. ಹಸು ಕಂಡರೆ ನಿಲ್ಲುವುದು, ಪ್ಲಮ್ ಮರ ಕಂಡರೆ ನಿಲ್ಲುವುದು, ಶಿಲುಬೆ ಕಂಡರೆ ಇಳಿದು ಅದರ ಮೇಲಿನ ಹೆಸರು ಓದುವುದು. ಇಷ್ಟು ನಿಧಾನವಾಗಿ ಹೋಗುವವರು ಏನನ್ನೋ ಹುಡುಕುತ್ತಿರಲೇಬೇಕು ಎಂದುಕೊಂಡಳು. ಕಾಡಿನ ಅಂಚಿನ ತಿರುವಿನಲ್ಲಿ ಅವರು ತಪ್ಪಿಸಿಕೊಂಡರು.

ಏಳನೆಯ ದಿನ ಜಾಗಕ್ಕೆ ಹೋಗಿ ನೋಡಿದಳು. ಹಿಂದಿನ ದಿನ, ಇನ್ನೊಂದು ದಿನ ಬೆಳೆಯಲಿ ಎಂದು ಬಿಟ್ಟುಬಂದಿದ್ದ ಐದು ದೊಡ್ಡ ಸೆಪ್‌ಗಳಲ್ಲಿ ಒಂದೂ ಇಲ್ಲ. ಬುಡ ಕೊಯ್ದ ಗುರುತಷ್ಟೇ ಇತ್ತು. ಕೋಪಕ್ಕೆ ಅವಳಿಗೆ ಅಳು ಬಂತು.

ಮರುದಿನ ಬೆಳಿಗ್ಗೆ ಎಂಟಕ್ಕೆ, ವ್ಯಾನಿನ ಕಿಟಕಿಯ ಪರದೆ ಇನ್ನೂ ಮುಚ್ಚಿದ್ದಾಗ, ಅರವತ್ತೆಂಟು ವರ್ಷದ ಯುಗೆತ್ ಪೇರಾ ತೊಳೆಯುವ ಕಟ್ಟೆಯ ಮರೆಯಲ್ಲಿ ಬಗ್ಗಿ ಬಗ್ಗಿ ಬಂದು ಎರಡೂ ಸೈಕಲ್ಲಿನ ನಾಲ್ಕೂ ಚಕ್ರದ ಗಾಳಿ ಬಿಟ್ಟಳು. ಮನೆಗೆ ಬಂದು ಕೈ ತೊಳೆದು ಕಾಫಿ ಕುಡಿದಳು. ಚೆನ್ನಾಗಿ ಗಂಟಲಿಳಿಯಿತು.

ಹನ್ನೊಂದಕ್ಕೆ ಅವಳ ಗೇಟಿನ ಗಂಟೆ ಸದ್ದಾಯಿತು. ವ್ಯಾನಿನ ಗಂಡ ಹೆಂಡತಿ, ಚಪ್ಪಟೆ ಚಕ್ರದ ಸೈಕಲ್ ತಳ್ಳಿಕೊಂಡು ಬಂದು ನಿಂತಿದ್ದರು. ಊರಲ್ಲಿ ಒಳ್ಳೆಯ ಪಂಪು ಇರುವುದು ನಿಮ್ಮಲ್ಲೇ ಎಂದು ಬ್ರೆಡ್ ಅಂಗಡಿಯವಳು ಕಳಿಸಿದಳಂತೆ. ಹೆಂಡತಿಯ ಹೆಸರು ಮರಿಲೆನ್. ಯುಗೆತ್ ಪಂಪು ತರಲು ತಿರುಗುವಷ್ಟರಲ್ಲಿ ಬುಟ್ಟಿಯ ಬಟ್ಟೆ ಅಲುಗಾಡಿತು. ಮೂತಿ ನರೆತ ಒಂದು ನಾಯಿ ತಲೆ ಹೊರಗೆ ಹಾಕಿ ಅವಳನ್ನು ನೋಡಿತು.

"ಹಿಂಗಾಲು ಬಿದ್ದುಹೋಗಿದೆ ಮೇಡಂ," ಎಂದಳು ಮರಿಲೆನ್. "ಬಿಸಿಲು ತಡೆಯಲ್ಲ, ಅದಕ್ಕೆ ಬಟ್ಟೆ ಮುಚ್ಚೋದು. ಈ ತಿಂಗಳು ದಾಟೋದು ಕಷ್ಟ ಅಂದ್ರು ಡಾಕ್ಟ್ರು. ಕಾಡಿನಾಚೆ ಒಂದು ಕೆರೆ ಇದೆಯಲ್ಲ, ನೀರಿಗೆ ಬಿಟ್ರೆ ಕಾಲು ಆಡಿಸ್ತಾನೆ. ಅದೊಂದು ಖುಷಿ ಅವನಿಗೆ. ಬಿಟ್ಟು ಹೋಗೋಕೆ ಮನಸ್ಸೇ ಬರ್ತಿಲ್ಲ."

ಯುಗೆತ್ ನಾಲ್ಕೂ ಚಕ್ರಕ್ಕೆ ತಾನೇ ಗಾಳಿ ಹೊಡೆದಳು. ನೀವು ಬಿಡಿ, ವಯಸ್ಸಾದವರು ಎಂದರೂ ಪಂಪು ಬಿಡಲಿಲ್ಲ. ಯಾರ ಕಿತಾಪತಿಯೋ ಎಂದು ಗಂಡ ನಗುತ್ತಾ ಕೇಳಿದಾಗ ಅವಳು ತಲೆ ಎತ್ತಲಿಲ್ಲ.

ಅವರು ಹೋದಮೇಲೆ ನಾಚಿಕೆಯ ಅಡಿಯಿಂದ ಹಳೆಯ ಸಂಶಯ ಮತ್ತೆ ತಲೆ ಎತ್ತಿತು. ಇವರಲ್ಲದಿದ್ದರೆ ಯಾರು? ಕೋಪದಲ್ಲಿ ಗಮನಿಸದೆ ಬಿಟ್ಟದ್ದು ಈಗ ಕಣ್ಣ ಮುಂದೆ ಬಂತು. ಹೊರಗಿನವರು ಅಣಬೆಯನ್ನು ಬೇರು ಸಮೇತ ಕೀಳುತ್ತಾರೆ. ಅಲ್ಲಿ ನೆಲಮಟ್ಟಕ್ಕೆ ಕತ್ತರಿಸಿ, ಗಾಯದ ಮೇಲೆ ಎಲೆ ಎಳೆದು, ಮರಿಗಳನ್ನು ಮುಟ್ಟದೆ ಬಿಟ್ಟಿದ್ದರು. ಹಾಗೆ ಕೊಯ್ಯುತ್ತಿದ್ದದ್ದು ಅಪ್ಪ.

ಯುಗೆತ್ ರಸ್ತೆ ದಾಟಿದಳು. ಫೆರ್ನಾಂನ ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ಮೇಜಿನ ಮೇಲೆ ಪತ್ರಿಕೆಯ ಹಾಳೆ, ಹಾಳೆಯ ಮೇಲೆ ಐದು ಸೆಪ್.

"ಕಳ್ಳ," ಎಂದಳು. ಇಪ್ಪತ್ತೆರಡು ವರ್ಷದ ನಂತರದ ಮೊದಲ ಮಾತು. "ನನ್ನ ಹಿಂದೆ ಬಂದು ನೋಡಿಕೊಂಡೆಯಾ?"

ಫೆರ್ನಾಂ ಚಾಕು ಕೆಳಗಿಟ್ಟ. ಅಕ್ಕ ದಿನಾ ಕಾಡಿಗೆ ಓಡುವುದನ್ನು ಕಿಟಕಿಯಿಂದ ನೋಡಿದನಂತೆ. ವ್ಯಾನಿನವರು ಜಾಗ ಕಂಡುಕೊಂಡಿರಬೇಕು, ಅವರ ಕೈಗೆ ಸಿಗುವ ಮೊದಲು ಕೊಯ್ದುಬಿಡೋಣ, ಎಲ್ಲವನ್ನೂ ಇವಳ ಬಾಗಿಲಿಗಿಟ್ಟು ಬರೋಣ ಎಂದುಕೊಂಡನಂತೆ. ಬಾಗಿಲಿಗೆ ಬರಲು ಧೈರ್ಯ ಸಾಲಲಿಲ್ಲವಂತೆ.

"ಜಾಗ ಹೇಗೆ ಗೊತ್ತಾಯ್ತು?"

"ಹದಿನಾರನೇ ವಯಸ್ಸಲ್ಲಿ ಅಪ್ಪನ ಹಿಂದೆ ಹೋಗಿ ನೋಡಿದ್ದೆ."

ಯುಗೆತ್ ಲೆಕ್ಕ ಹಾಕಿದಳು. ಹದಿನಾರಕ್ಕೆ ಎಂದರೆ ಐವತ್ತು ವರ್ಷದ ಹಿಂದೆ. ಐವತ್ತು ವರ್ಷ ಈ ಕುಡುಕ ವೈನ್ ಅಂಗಡಿಯಲ್ಲಿ ಕೂತು ಇಡೀ ಊರಿನ ಗುಟ್ಟು ಬಿಚ್ಚಿದ್ದಾನೆ, ಇದೊಂದನ್ನು ಬಾಯಿಬಿಟ್ಟಿಲ್ಲ. ಒಂದು ಅಣಬೆಯನ್ನೂ ಮುಟ್ಟಿಲ್ಲ.

"ಮತ್ತೆ ಅಪ್ಪನನ್ನ ಮಣ್ಣು ಮಾಡಿದ ದಿನ ನನ್ನನ್ನ ಯಾಕೆ ಕೇಳಿದೆ?"

"ಜಾಗಕ್ಕಲ್ಲ ಅಕ್ಕ," ಎಂದ ಫೆರ್ನಾಂ. "ನೀನು ನನಗೆ ಹೇಳ್ತೀಯೋ ಇಲ್ವೋ ಅಂತ ನೋಡೋಣ ಅನ್ನಿಸ್ತು."

ಅವಳಿಗೆ ಏನಾದರೂ ಸಮಾಧಾನ ಹೇಳಬೇಕೆನಿಸಿತು. ಅಪ್ಪನ ಮೇಲೆ ಹಾಕಬಹುದಿತ್ತು. ಇಂದಲ್ಲ ನಾಳೆ ಹೇಳುತ್ತಿದ್ದೆ ಎನ್ನಬಹುದಿತ್ತು.

"ನಾನು ನಿನಗೆ ಸಾಯೋವರೆಗೂ ಹೇಳ್ತಿರಲಿಲ್ಲ ಕಣೋ," ಎಂದಳು.

"ಗೊತ್ತು," ಎಂದು ಫೆರ್ನಾಂ ಅವಳಿಗಾಗಿ ಕುರ್ಚಿ ಎಳೆದ. ಅವಳು ಕೂತು ಗಟ್ಟಿಯಾಗಿ ಅತ್ತಳು.