ಮಾಮಾನ ಕಾರಿನ ಮೇಲೆ ನಾನು ಮಾಡಿದ ಪ್ರಯೋಗ

ಕಾರಿನ ಕಂಪನಿಯಿಂದ ಬಂದ ಪತ್ರವನ್ನು ಮೂರು ಸಲ ಓದಿ ಫ್ರಿಜ್ಜಿನ ಮೇಲಿಟ್ಟೆ. ತೀರ್ಮಾನಕ್ಕೆ ಬಾರದ ಕಾಗದಗಳೆಲ್ಲ ನಮ್ಮ ಮನೆಯಲ್ಲಿ ಅಲ್ಲಿಗೇ ಹೋಗುತ್ತವೆ. ಪತ್ರದ ಸಾರ ಇಷ್ಟು: ನಿಮ್ಮ ಡೀಸೆಲ್ ಕಾರು ತಪಾಸಣೆಯ ಹೊತ್ತಿನಲ್ಲಿ ಬಿಡುವ ಹೊಗೆಗೂ ರಸ್ತೆಯ ಮೇಲೆ ಬಿಡುವ ಹೊಗೆಗೂ ವ್ಯತ್ಯಾಸವಿದೆ; ಎಂಜಿನ್ನನ್ನು ನಡೆಸುವ ಸಾಫ್ಟ್‌ವೇರ್ ಬದಲಾಯಿಸಿದರೆ ಅದು ಸರಿಹೋಗುತ್ತದೆ; ವಿಜಯಪುರದ ಸರ್ವಿಸ್ ಸೆಂಟರಿಗೆ ಬಂದರೆ ಪುಕ್ಕಟೆ ಮಾಡಿಕೊಡುತ್ತೇವೆ; ಬರುವುದು ಬಿಡುವುದು ನಿಮ್ಮ ಇಚ್ಛೆ. ತೊಂದರೆಯೆಲ್ಲ ಶುರುವಾದದ್ದು ಆ ಕೊನೆಯ ಮಾತಿನಿಂದ. ಕಡ್ಡಾಯ ಎಂದಿದ್ದರೆ ಬೈದುಕೊಳ್ಳುತ್ತಲೇ ಹೋಗಿ ಮಾಡಿಸಿಕೊಂಡು ಬರುತ್ತಿದ್ದೆ. ಇಚ್ಛೆ ಎಂದರೆ ಯೋಚಿಸಬೇಕಾಗುತ್ತದೆ.

ನಾನು ಸಿಂದಗಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಇಂಥದೇ ಪತ್ರ ಇಂಡಿಯಲ್ಲಿರುವ ನನ್ನ ಅಕ್ಕನ ಮನೆಗೂ ಬಂದಿತ್ತು. ಅಕ್ಕನ ಗಂಡನನ್ನು ನಾನು ಮಾಮಾ ಎನ್ನುತ್ತೇನೆ. ನಿಂಬೆ ತೋಟದ ಮನುಷ್ಯ, ಗಟ್ಟಿ ಧ್ವನಿ. ನಾನು ಕಾರು ಕೊಂಡ ಮರುವಾರವೇ ಅವರು ಅದೇ ಕಂಪನಿಯ, ಅದೇ ಮಾದರಿಯ, ಅದೇ ಬಿಳಿ ಬಣ್ಣದ ಕಾರನ್ನು ತಂದು ಬಾಗಿಲಲ್ಲಿ ನಿಲ್ಲಿಸಿದ್ದರು. "ಕಲತಾಂವ ತಗೊಂಡಾನಂದ್ರ ಇಚಾರ ಮಾಡೇ ತಗೊಂಡಿರತಾನ" ಎಂದು ಊರಿಗೆಲ್ಲ ಹೇಳಿದ್ದರು. ಶೋರೂಮಿನವರು ತಣ್ಣನೆಯ ಕೋಣೆಯಲ್ಲಿ ಕೂರಿಸಿ ಚಹಾ ಕೊಟ್ಟದ್ದಕ್ಕೆ ಎದ್ದು ಬರಲು ನಾಚಿಕೆಯಾಗಿ ನಾನು ಆ ಕಾರು ಕೊಂಡದ್ದು. ಇದನ್ನು ಯಾರಿಗೂ ಹೇಳಿರಲಿಲ್ಲ.

ಮಾಮಾನ ಫೋನು ಬಂತು.

"ಅಳಿಯಾ, ನಿನಗೂ ಬಂದೈತೇನ ಪತ್ರ?"

"ಬಂದೈತ್ರಿ ಮಾಮಾ."

"ಏನ್ ಮಾಡೂಣು? ಇಲ್ಲಿ ಮಂದಿ ಅಂತಾರ, ಅದನ್ನ ಹಾಕಿಸಿದ್ರ ಪಿಕಪ್ ಹೋಗತೈತಂತ. ಹೋರಿಗೆ ಮೂಗದಾಣ ಹಾಕಿದಂಗ ಆಗತೈತಂತ."

ಪಿಕಪ್ ಎಂದರೆ ನಮ್ಮ ಕಡೆ ಸಣ್ಣ ಸಂಗತಿಯಲ್ಲ. ಕಬ್ಬು ಕಡಿಯುವ ದಿನಗಳಲ್ಲಿ ನಮ್ಮ ರಸ್ತೆಗಳ ಮೇಲೆ ಟ್ರ್ಯಾಕ್ಟರುಗಳದೇ ರಾಜ್ಯ. ಒಂದೊಂದರ ಹಿಂದೆ ಎರಡೆರಡು ಟ್ರೈಲರು, ಅವುಗಳ ಎರಡೂ ಬದಿಗೆ ಮೀಸೆಯಂತೆ ಚಾಚಿಕೊಂಡ ಕಬ್ಬು. ಅದನ್ನು ಒಂದೇ ಉಸಿರಿಗೆ ದಾಟಬೇಕು. ಹೇಗೆ ದಾಟುತ್ತೀಯ ಎಂಬುದರ ಮೇಲೆ ಗಂಡಸಿನ ಬೆಲೆ ಕಟ್ಟುವವರು ನಮ್ಮಲ್ಲಿ ಇನ್ನೂ ಇದ್ದಾರೆ.

ನನಗೆ ಗೊತ್ತಿಲ್ಲ ಎಂದು ನಾನು ಹೇಳಬಹುದಿತ್ತು. ಬದಲಿಗೆ ಡೀಸೆಲ್ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳ ಮೇಲೆ ಇಪ್ಪತ್ತು ನಿಮಿಷ ಪಾಠ ಮಾಡಿದೆ. ಮಾಮಾ ತಾಳ್ಮೆಯಿಂದ ಕೇಳಿಸಿಕೊಂಡರು. ಮುಂದಿನ ಭಾನುವಾರ ನಾನು ಇಂಡಿಗೆ ಹೋದಾಗ ತಮ್ಮದೇ ಪ್ರಯೋಗ ತೋರಿಸಿದರು. ಕಾರು ಚಾಲೂ ಮಾಡಿ ಸೈಲೆನ್ಸರಿನ ಬಾಯಿಗೆ ಬಿಳಿ ಟಾವೆಲ್ಲು ಹಿಡಿದು, ನೂರರವರೆಗೆ ಎಣಿಸಿ, ಬಿಡಿಸಿ ನನ್ನ ಮುಖದ ಮುಂದೆ ಆಡಿಸಿದರು.

"ನೋಡು, ಒಂದ್ ಕಲಿ ಇಲ್ಲ. ಹೊಗಿನ ಇಲ್ಲಂದ್ರ ಅವರು ಸರಿ ಮಾಡೂದರ ಏನು?"

"ಅದು ಕಣ್ಣಿಗೆ ಕಾಣೂ ಹೊಗಿ ಅಲ್ರಿ ಮಾಮಾ."

"ಕಾಣಲಾರದ್ದು ನಿನಗ ಹೆಂಗ ಗೊತ್ತಾತು?"

ಅಕ್ಕ ಟಾವೆಲ್ಲು ಕಸಿದುಕೊಂಡಳು. "ಮಾರಿ ಒರಸೂ ಟಾವೆಲ್ ಇದು! ಇಬ್ರಿಗೂ ಬುದ್ಧಿ ಐತೇನು?"

ನಿಜ ಹೇಳಬೇಕೆಂದರೆ ನನಗೂ ಪಿಕಪ್ಪಿನ ಭಯವೇ ಇತ್ತು. ಆದರೆ ನೈಟ್ರೋಜನ್ ಆಕ್ಸೈಡಿನ ಮೇಲೆ ಅಷ್ಟು ಮಾತಾಡಿದವನು ಭಯ ತೋರಿಸುವಂತಿರಲಿಲ್ಲ. ಆಗ ಉಪಾಯವೊಂದು ಹೊಳೆಯಿತು. "ನಿಮ್ಮ ಓಡಾಟ ಜಾಸ್ತಿ, ನಿಮ್ಮ ಹೊಗಿನೂ ಜಾಸ್ತಿ. ಮೊದಲ ನೀವು ಹಾಕಿಸಿಬಿಡ್ರಿ" ಎಂದೆ. ಸಮಾಜದ ಆರೋಗ್ಯ, ಮಕ್ಕಳ ಉಸಿರು ಎಂದೆಲ್ಲ ಸೇರಿಸಿದೆ. ಅವರ ಕಾರಿನ ಪಿಕಪ್ ಹೋದರೆ ನನ್ನದು ಉಳಿಯುತ್ತದೆ, ಹೋಗದಿದ್ದರೆ ನಾನೂ ಧೈರ್ಯವಾಗಿ ಹಾಕಿಸಬಹುದು ಎಂಬುದು ಒಳಗಿನ ಲೆಕ್ಕ. ಗುರುತಿಲ್ಲದ ಬಾಟಲಿಯನ್ನು ಮೊದಲು ಅಟೆಂಡರನಿಂದ ಮೂಸಿಸುವ ಪ್ರಾಧ್ಯಾಪಕರೊಬ್ಬರನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಬಹಳ ಬೈದುಕೊಂಡಿದ್ದೆ.

ಮಾಮಾ ಹೋಗಿ ಹಾಕಿಸಿಕೊಂಡು ಬಂದರು. ಹೇಗಿದೆ ಎಂದು ಆ ಸಂಜೆಯೇ ಕೇಳಿದೆ.

"ಹಂಗ ಐತಿ. ಒಂದ್ ಕೂದಲೆಳಿಯಷ್ಟು ತಡಾ ಮಾಡತೈತೇನೋ ಅನಸತೈತಿ. ಅನಸೂದೋ, ಖರೇನೋ, ಗೊತ್ತಾಗವಲ್ದು."

ಕೂದಲೆಳೆಯ ಲೆಕ್ಕ ನನಗೆ ಸಾಕಾಗಲಿಲ್ಲ. ಅಷ್ಟರಲ್ಲಿ ಬಸವನ ಬಾಗೇವಾಡಿಯಲ್ಲಿ ಮಾಮಾನ ತಂಗಿಯ ಹೊಸ ಮನೆಯ ವಾಸ್ತು, ಅಂದರೆ ಗೃಹಪ್ರವೇಶ, ಬಂತು. ಅಕ್ಕ, ಮಾಮಾ ವಿಜಯಪುರದ ಮೇಲೆ ಹಾಯಾಗಿ ಹೋಗುವವರಿದ್ದರು. ನಾನು ಹಟ ಹಿಡಿದು ಅವರನ್ನು ತಾಂಬಾದ ದಾರಿಯಿಂದ ಸಿಂದಗಿಗೆ ಕರೆಸಿಕೊಂಡು ಅದೇ ಕಾರು ಹತ್ತಿದೆ. ನನ್ನ ಕಾರು ಮನೆಯ ಮುಂದೆ ಆರಾಮಾಗಿ ನಿಂತಿತ್ತು. ಅಕ್ಕ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಶೇಂಗಾ ಹೋಳಿಗೆಯ ಸ್ಟೀಲ್ ಡಬ್ಬಿ. ನಾನು ಮುಂದೆ, ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚ್.

ದೇವರ ಹಿಪ್ಪರಗಿ ದಾಟಿದ ಮೇಲೆ, ಎರಡೂ ಬದಿಗೆ ಹೂಬಿಟ್ಟ ತೊಗರಿಯ ಹೊಲಗಳಿರುವಲ್ಲಿ, ಎರಡು ಟ್ರೈಲರಿನ ಕಬ್ಬಿನ ಟ್ರ್ಯಾಕ್ಟರು ಸಿಕ್ಕಿತು.

"ಮಾಮಾ, ಗೇರ್ ಇಳಸಬ್ಯಾಡ್ರಿ. ನಾಕರಾಗ ಇರಲಿ, ಹಂಗ ಒತ್ತ್ರಿ. ಇಳಿಸಿದ್ರ ಹೆಂಗೂ ಎಳಿತೈತಿ, ಸಾಫ್ಟ್‌ವೇರ್ ಹೆಂಗೈತಿ ಅಂತ ತಿಳಿಯಂಗಿಲ್ಲ."

"ಬಾಗೇವಾಡಿ ಮುಟ್ಟೂತನಾ ಸುಮ್ ಕುಂಡ್ರಾಕ ಆಗಂಗಿಲ್ಲೇನ ನಿನಗ?" ಹಿಂದಿನಿಂದ ಅಕ್ಕ.

"ಇರಲಿ ತಡಿ, ನಿನ್ನ ತಮ್ಮ ಇಜ್ಞಾನಿ ಅದಾನ" ಎಂದು ಮಾಮಾ ನಕ್ಕು ಬಲಕ್ಕೆ ತೆಗೆದು ಒತ್ತಿದರು.

ಆಮೇಲಿನದು ಎಷ್ಟು ಹೊತ್ತಿನ ವಿಷಯವೆಂದು ನನಗೆ ನಿಖರವಾಗಿ ತಿಳಿದಿರಬೇಕಿತ್ತು, ಕೈಯಲ್ಲಿ ಗಡಿಯಾರ ಹಿಡಿದವನು ನಾನು. ಹಿಂದಿನ ಟ್ರೈಲರಿನ ಪಕ್ಕಕ್ಕೆ ಬಂದೆವು. ಕಬ್ಬಿನ ತುದಿಗಳು ನನ್ನ ಕಿಟಕಿಗೆ ಬಡಿಯುತ್ತಿದ್ದವು. ಮಾಮಾ ಒತ್ತುತ್ತಿದ್ದರು, ಕಾರು ದಮ್ಮು ಹಿಡಿದವರಂತೆ ನಿಧಾನಕ್ಕೆ ಏರುತ್ತಿತ್ತು. ಮುಂದಿನ ಟ್ರೈಲರಿನ ಅರ್ಧಕ್ಕೆ ಬಂದಾಗ ತಿರುವಿನಿಂದ ಬಸ್ಸು ಬಂತು. ಅದರ ಹಣೆಯ ಮೇಲಿನ ಬೋರ್ಡಿನಲ್ಲಿ ಸಿಂದಗಿ ಎಂದು ಬರೆದದ್ದು, ಆ ಸೊನ್ನೆಯ ಬಣ್ಣ ಅರ್ಧ ಉದುರಿದ್ದು, ಡ್ರೈವರನ ಬಾಯಿ ತೆರೆದದ್ದು ಎಲ್ಲ ನನಗೆ ಕಂಡಿತು. ನಾನು ಕೂಗಲಿಲ್ಲ. ಮಾಮಾನ ಕೈ ಹಿಡಿಯಲಿಲ್ಲ. ಸ್ಟಾಪ್‌ವಾಚ್ ನಿಲ್ಲಿಸಿದೆ.

ಮಾಮಾ ಸ್ಟಿಯರಿಂಗನ್ನು ಬಲಕ್ಕೆ ಎಳೆದರು. ಕಾರು ರಸ್ತೆಯಿಂದ ಹಾರಿ ತೊಗರಿಯೊಳಗೆ ನುಗ್ಗಿತು. ನಮ್ಮ ಬೆನ್ನಿಗೂ ಟ್ರ್ಯಾಕ್ಟರಿಗೂ ನಡುವಿನ ಸಂದಿನಲ್ಲಿ ಬಸ್ಸು ಕಿರುಚುತ್ತ ಹಾದುಹೋಯಿತು. ಎಂಜಿನ್ನು ತಾನೇ ಬಂದ್ ಆಯಿತು. ಗಾಜಿನ ತುಂಬ ಹಳದಿ ಹೂವು.

ಬಸ್ಸಿನ ಡ್ರೈವರ್ ಓಡಿಬಂದರು. ಬೈಯಲೆಂದೇ ಬಂದವರು ಮಾಮಾ ಇನ್ನೂ ಸ್ಟಿಯರಿಂಗು ಬಿಡದೆ ಕೂತದ್ದನ್ನು ನೋಡಿ ನೀರಿನ ಬಾಟಲಿ ಕೊಟ್ಟರು. "ಅರವತ್ತು ಮಂದಿ ಅದಾರ್ರಿ ಒಳಗ" ಎಂದಷ್ಟೇ ಹೇಳಿ ಹೋದರು. ಅಕ್ಕನ ಹಣೆ ಡಬ್ಬಿಗೆ ಬಡಿದು ನಿಂಬೆಹಣ್ಣಿನಷ್ಟು ಊದಿತ್ತು. ಅಷ್ಟೇ ಪೆಟ್ಟು.

"ಒತ್ತಿದೆ, ಪಿಕಪ್ ಎತ್ತಲಿಲ್ಲ" ಎಂದರು ಮಾಮಾ. "ಒತ್ತಿದೆ, ಪಾಪಿ ಎತ್ತಲೇ ಇಲ್ಲ."

ವಾಸ್ತುವಿನ ಊಟದ ಪಂಕ್ತಿಯಲ್ಲಿ ತೀರ್ಪು ಹೊರಬಿತ್ತು: ಸಾಫ್ಟ್‌ವೇರ್. ಅದೇ ಮಾದರಿಯ ಕಾರು ಇಟ್ಟುಕೊಂಡ ಬಾಗೇವಾಡಿಯ ಸಂಬಂಧಿಕನೊಬ್ಬ ತನ್ನ ಪತ್ರವನ್ನು ಆ ಸಂಜೆಯೇ ಹರಿಯುವುದಾಗಿ ಸಾರಿದ. ಆಮೇಲೆ ನನ್ನ ಕಡೆ ತಿರುಗಿದ.

"ನೀವು ಬಾಜೂಕ ಕುಂತಿದ್ರೆಲ್ಲ ಸರ್ರ. ಎತ್ತಲಿಲ್ಲ, ಹೌದಲ್ರಿ?"

"ಸ್ವಲ್ಪ ತಡಾ ಮಾಡಿದ್ದು ಖರೇ" ಎಂದೆ. ಅದು ಸುಳ್ಳಲ್ಲ. ಸುಳ್ಳಲ್ಲದ್ದನ್ನು ಆರಿಸಿ ಆರಿಸಿ ಹೇಳುವುದಕ್ಕೇ ನಾನು ಇಷ್ಟು ವರ್ಷ ಓದಿದ್ದೇನೋ ಏನೋ.

ಅಂದಿನಿಂದ ಆ ಬಸ್ಸು ನನ್ನನ್ನು ಬಿಟ್ಟಿಲ್ಲ. ಕಪ್ಪುಹಲಗೆಯ ಮೇಲೆ ಸೂತ್ರ ಬರೆಯುವಾಗ ಬರುತ್ತದೆ, ಹಲ್ಲುಜ್ಜುವಾಗ ಬರುತ್ತದೆ. ಬಂದಾಗೆಲ್ಲ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತದೆ. "ರೀ, ಅದು ಸೋಫಾ ಐತ್ರಿ" ಎಂದು ಹೆಂಡತಿ ಎರಡು ಸಲ ಎಚ್ಚರಿಸಿದಳು. ಪಕ್ಕದಲ್ಲಿ ಕೂತು ಹೇಳಿಕೊಟ್ಟವನಿಗೇ ಹೀಗಾದರೆ ಓಡಿಸಿದವರಿಗೆ ಹೇಗಾಗಿರಬೇಡ? ಮಾಮಾ ಕಾರಿನ ಕೀಲಿ ಮುಟ್ಟುವುದನ್ನೇ ಬಿಟ್ಟರು. ಪಕ್ಕದ ಝಳಕಿಗೆ ಹೋಗುವುದಿದ್ದರೂ ಬಸ್ಸಿಗೆ ಕಾಯುತ್ತಿದ್ದಾರೆ, ಮೂವತ್ತು ವರ್ಷ ಗಾಡಿ ಹೊಡೆದ ಮನುಷ್ಯ, ಎಂದು ಅಕ್ಕ ಫೋನಿನಲ್ಲಿ ಹೇಳಿದಳು.

ಮೂರು ವಾರದ ಮೇಲೆ ಮಾಮಾ ತಾವೇ ಕರೆದರು. ಮುದ್ದೇಬಿಹಾಳದಲ್ಲಿ ಒಬ್ಬ ಮಿಸ್ತ್ರಿ ಇದ್ದಾನಂತೆ, ಲ್ಯಾಪ್‌ಟಾಪ್ ಹಚ್ಚಿ ಹೊಸ ಸಾಫ್ಟ್‌ವೇರ್ ಕಿತ್ತು ಹೊಗೆಯ ಕಟ್ಟುಪಾಡನ್ನೆಲ್ಲ ಬಿಡಿಸಿ, ಕಾರನ್ನು ಹಾರುವಂತೆ ಮಾಡಿಕೊಡುತ್ತಾನಂತೆ. "ಅದ ಆತಂದ್ರ ಮತ್ತ ಹೊಡಿತೇನಿ. ನೀ ಬಾ. ಏನ್ ಆತಂತ ಅಂವಗ ನೀನ ಸರಿಯಾಗಿ ಹೇಳತಿ."

ಹೋದೆ. ಕಾರು ಓಡಿಸಿದವನು ನಾನು. ಮಾಮಾ ಪಕ್ಕದಲ್ಲಿ, ಅಕ್ಕ ಹಿಂದೆ. ಇಡೀ ದಾರಿ ನನ್ನ ತಲೆಯಲ್ಲಿ ಒಂದೇ ಮಾತು. ಇಲ್ಲದ ರೋಗಕ್ಕೆ ಆ ಮಿಸ್ತ್ರಿ ಕಾರನ್ನು ಕೊಯ್ಯುತ್ತಾನೆ. ಆ ಕೊಯ್ತವನ್ನು ನಂಬಿ ಮಾಮಾ ಮತ್ತೆ ನಾಲ್ಕನೇ ಗೇರಿನಲ್ಲೇ ಬಲಕ್ಕೆ ತೆಗೆಯುತ್ತಾರೆ. ಆ ಸಲ ರಸ್ತೆಯ ಪಕ್ಕ ತೊಗರಿ ಇರುತ್ತದೋ, ಬಾವಿ ಇರುತ್ತದೋ. ಬಾಯಿ ತೆರೆಯಲು ಇಂಡಿಯಿಂದ ಮುದ್ದೇಬಿಹಾಳದವರೆಗೆ ಸಮಯವಿತ್ತು. ನಾನು ಮಳೆಬೆಳೆಯ ಸುದ್ದಿ ಮಾತಾಡಿದೆ.

ಮಿಸ್ತ್ರಿ ಸಣಕಲು ಮನುಷ್ಯ, ಮೂಗಿನ ತುದಿಗೆ ಕನ್ನಡಕ. ಸ್ಟಿಯರಿಂಗಿನ ಕೆಳಗೆ ವೈರು ಸಿಕ್ಕಿಸಿ ಲ್ಯಾಪ್‌ಟಾಪನ್ನು ಬಾನೆಟ್ಟಿನ ಮೇಲಿಟ್ಟ.

"ದಾಟುವಾಗ ಯಾವ ಗೇರನ್ಯಾಗಿದ್ರಿ ಸಾಹುಕಾರ್ರ?"

"ಮೂರರಾಗ. ಮತ್ತ? ಇದೇನ್ ನಿನ್ನೆ ಮೊನ್ನೆ ಕಲತದ್ದಲ್ಲ."

ಮಾಮಾ ಸುಳ್ಳು ಹೇಳುತ್ತಿರಲಿಲ್ಲ. ಮೂವತ್ತು ವರ್ಷ ಪ್ರತಿ ಸಲ ಇಳಿಸಿದ ಕೈ ಅಂದೂ ಇಳಿಸಿತ್ತೆಂದೇ ನಂಬಿತ್ತು.

"ಮೂರರಾಗ ಎತ್ತಲಿಲ್ಲಂದ್ರ ಹೊಸಾದರದ ತಪ್ಪು. ತಗದ ಬಿಡೂಣು" ಎಂದ ಮಿಸ್ತ್ರಿ ಲ್ಯಾಪ್‌ಟಾಪಿನ ಕೀಲಿಯ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದ. "ಹೌದಲ್ರಿ ಸರ್ರ?"

ಅಕ್ಕ ಪಂಕ್ಚರಿನ ತೊಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಹಣೆಯ ಬಾವು ಇಳಿದು ಹಳದಿ ಕಲೆ ಉಳಿದಿತ್ತು. ಅವಳೂ ನನ್ನನ್ನೇ ನೋಡುತ್ತಿದ್ದಳು.

"ನಾಕರಾಗಿದ್ರು" ಎಂದೆ.

"ಏನಂದಿ?" ಮಾಮಾ ತಿರುಗಿದರು.

"ನಾನ ಹೇಳಿದ್ನಿರಿ ಮಾಮಾ. ಗೇರ್ ಇಳಸಬ್ಯಾಡ್ರಿ, ಹಂಗ ಒತ್ತ್ರಿ ಅಂತ. ನಿಮ್ಮ ತಪ್ಪಲ್ಲ. ಕಾರಿಂದು ಎಷ್ಟು ತಪ್ಪೋ ನನಗ ಗೊತ್ತಿಲ್ಲ. ನಂದಂತೂ ಐತಿ."

ಮಿಸ್ತ್ರಿ ಕನ್ನಡಕ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಾಕರಾಗ ಕಬ್ಬಿನ ಗಾಡಿ ದಾಟಾಕ ಹಚ್ಚಿದ್ರಿ? ಏನ್ ಓದೀರಿ ಸರ್ರ ನೀವು?"

"ಎಮ್ಮೆಸ್ಸಿ" ಎಂದಳು ಅಕ್ಕ, ನನ್ನ ಬದಲಿಗೆ.

ಮಿಸ್ತ್ರಿ ವೈರು ಕಿತ್ತು ಸುತ್ತಿದ. "ನಾಕರಾಗಂದ್ರ ಹಳೇದೂ ಅಷ್ಟ, ಹೊಸಾದೂ ಅಷ್ಟ. ಇದಕ್ಕ ನಾ ಕೈ ಹಚ್ಚಂಗಿಲ್ರಿ. ಚಹಾ ಕುಡದು ಹೋಗ್ರಿ."

ಮಾಮಾ ಚಹಾ ಕುಡಿಯಲಿಲ್ಲ. ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಮಗೆ ಬೆನ್ನು ಮಾಡಿ ನಿಂತರು. ನಾನು ಅಕ್ಕನ ಹತ್ತಿರ ಹೋದೆ.

"ನಿನಗ ಗೊತ್ತಿತ್ತಲ್ಲ ಅಕ್ಕಾ. ಹಿಂದ ಕುಂತು ಕೇಳಿದ್ದಿ. ಯಾಕ ಸುಮ್ನಿದ್ದಿ?"

"ನೀ ಯಾವಾಗ ಬಾಯಿ ಬಿಡತಿ ಅಂತ ನೋಡಾಕತ್ತಿದ್ನಿ. ನಿನ್ನ ಮಾನ ನೀನ ಕಳಕೋಬೇಕು, ನಾ ಯಾಕ ಕಳೀಲಿ?"

ಮಾಮಾ ಒಳಗೆ ಬಂದಾಗ ಮುಖ ಕೆಂಪಗಿತ್ತು. ಬೈಗುಳಕ್ಕೆ ತಲೆ ಬಗ್ಗಿಸಿ ನಿಂತೆ.

"ಮೂರು ವಾರ" ಎಂದರು. "ಮೂರು ವಾರ ನನ್ನ ಕೈಯಾಗ ಶಕ್ತಿ ಹೋತಂತ ತಿಳಕೊಂಡಿದ್ನಲ್ಲೋ. ಮಂದಿ ಮುಂದ ಸಾಫ್ಟ್‌ವೇರ್ ಸಾಫ್ಟ್‌ವೇರ್ ಅನ್ನೂದು, ಒಳಗ ಇದ ಅಂಜಿಕಿ." ಆಮೇಲೆ, "ನಿನ್ನ ಕಾರಿಗೆ ಯಾವಾಗ ಹಾಕಸ್ತಿ?"

"ನೋಡೂಣ್ರಿ..."

"ನೋಡೂಣಲ್ಲ. ಸೋಮವಾರ. ನಾನೂ ಬರತೇನಿ."

ಸೋಮವಾರ ಅವರು ಇಂಡಿಯಿಂದ ಬಸ್ಸು ಹಿಡಿದು ಸಿಂದಗಿಗೆ ಬಂದರು. ವಿಜಯಪುರದ ಸರ್ವಿಸ್ ಸೆಂಟರಿನಲ್ಲಿ ಒಪ್ಪಿಗೆಯ ಕಾಗದಕ್ಕೆ ನಾನು ಸಹಿ ಮಾಡುವವರೆಗೆ ಬಾಗಿಲಿಗೆ ಅಡ್ಡ ನಿಂತಿದ್ದರು, ಓಡಿ ಹೋದೇನು ಎಂಬಂತೆ. ಒಂದು ತಾಸಿನಲ್ಲಿ ಕೆಲಸ ಮುಗಿಯಿತು. ವಾಪಸು ಬರುವಾಗ ನಾನು ನಲವತ್ತು ದಾಟಲಿಲ್ಲ. ಸೈಕಲ್ಲಿನವರೂ ಕನಿಕರದಿಂದ ನೋಡುತ್ತಿದ್ದರು.

"ಹೆಂಗೈತಿ ಪಿಕಪ್?" ಕೇಳಿದರು ಮಾಮಾ.

"ಗೊತ್ತಾಗವಲ್ದುರಿ."

"ಹಿಂಗ ಹೊಡದ್ರ ನಿನ್ನ ಮಕ್ಕಳಿಗೂ ಗೊತ್ತಾಗಂಗಿಲ್ಲ. ಇಳಿ ಕೆಳಗ."

ನಾನು ಇಳಿದೆ. ಅವರು ಸೀಟು ಹಿಂದಕ್ಕೆ ಸರಿಸಿಕೊಂಡು, ಕನ್ನಡಿ ತಿರುಗಿಸಿಕೊಂಡು, ಎರಡೂ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು ಕೂತರು. ಸ್ವಲ್ಪ ದೂರದಲ್ಲೇ ಕಬ್ಬಿನ ಟ್ರ್ಯಾಕ್ಟರು ಸಿಕ್ಕಿತು. ಮಾಮಾ ಅವಸರ ಮಾಡಲಿಲ್ಲ. ಎದುರಿನ ರಸ್ತೆ ಕಣ್ಣಿಗೆ ನಿಲುಕುವವರೆಗೆ ಖಾಲಿಯಾಗುವ ತನಕ ಹಿಂದೆಯೇ ಉಳಿದರು.

"ಮೂರು" ಎಂದು ನನಗೆ ಕೇಳಿಸುವಂತೆ ಗಟ್ಟಿಯಾಗಿ ಹೇಳಿ ಗೇರು ಇಳಿಸಿ ಬಲಕ್ಕೆ ತೆಗೆದರು. ನನ್ನ ಬಲಗಾಲು ಮ್ಯಾಟನ್ನು ತುಳಿದು ಹಿಡಿಯಿತು.

"ಎತ್ತತೈತಲ್ಲೋ ಅಳಿಯಾ! ನೋಡಿದ್ಯಾ?"

"ನೋಡಿದ್ನಿರಿ ಮಾಮಾ" ಎಂದೆ. ಕಣ್ಣು ಇನ್ನೂ ತೆರೆದಿರಲಿಲ್ಲ.