ಒಗೆದು ಹಾಕಿದ ಚಿತ್ರ

ನಾನು ಓದಿದ್ದು ಮೂರನೇ ಕ್ಲಾಸು. ಇದನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ತಿಳಿಯುತ್ತಿಲ್ಲ. ಬೆಡ್‌ಶೀಟಿನಿಂದಲೇ ಶುರು ಮಾಡುತ್ತೇನೆ. ತಪ್ಪು ನಡೆದದ್ದು ಅಲ್ಲಿಯೇ.

ಎಮ್ಮಿಗನೂರು ಬಿಟ್ಟು ದೋಣಿಮಲೈಯಲ್ಲಿದ್ದ ಮಗಳ ಕ್ವಾರ್ಟರ್ಸಿಗೆ ಬಂದು ಆಗ ನನಗೆ ಒಂದು ವರ್ಷವಾಗಿತ್ತು. ಗಣಿ ಕೆಲಸ ಭಾರಿ ಜೋರಾಗಿದ್ದ ದಿನಗಳು. ಸಂಡೂರಿನ ರಸ್ತೆ ತುಂಬ ಅದಿರಿನ ಲಾರಿಗಳು, ಒಂದರ ಹಿಂದೆ ಒಂದು. ನಮ್ಮೂರಿನ ಗದ್ದೆಯ ಕರಿ ಮಣ್ಣು ಕಾಲಿಗೆ ಹತ್ತಿದರೆ ಒಂದು ಚೊಂಬು ನೀರಿಗೆ ಹೋಗುತ್ತಿತ್ತು. ಇಲ್ಲಿಯ ಕೆಂಪು ಧೂಳಿಗೆ ನಾಚಿಕೆಯೇ ಇಲ್ಲ. ಬಿಳಿ ಪಂಚೆ ತಂತಿಯ ಮೇಲೆ ಹಾಕಿ, ಒಳಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ಅದು ಕಾವಿಯಾಗಿರುತ್ತಿತ್ತು. ಧೂಳಿಗೂ ನನಗೂ ದಿನಾ ಕುಸ್ತಿ. ಕ್ವಾರ್ಟರ್ಸಿನ ಹೆಂಗಸರೆಲ್ಲ ಹಾಗೆಯೇ. ಕೆಂಪಾದದ್ದು ಕಣ್ಣಿಗೆ ಬಿದ್ದರೆ ಯಾರದು, ಏನು ಅಂತ ಕೇಳುವುದಿಲ್ಲ, ಬಕೀಟಿಗೆ ಹಾಕುವುದೇ.

ಮೊಮ್ಮಗಳು ಎಂಟನೇ ಕ್ಲಾಸಿನಲ್ಲಿದ್ದಳು, ಶಾಲೆಯ ಥ್ರೋಬಾಲ್ ಟೀಮಿನಲ್ಲಿ ಆಡುತ್ತಿದ್ದಳು. ಅವಳು ಎಗರಿ ಚೆಂಡು ಹಿಡಿಯುವುದನ್ನು ನೋಡಿದರೆ ನನಗೆ ಅಳು, ನಗು ಎರಡೂ ಒಟ್ಟಿಗೇ ಬರುತ್ತಿದ್ದವು. ಅವಳ ಜೊತೆ ಬಂಡ್ರಿಯ ಹುಡುಗಿಯೊಬ್ಬಳು ಆಡುತ್ತಿದ್ದಳು. ಆಟ ಮುಗಿಸಿ ನಮ್ಮ ಮನೆಗೇ ಬಂದು ನನ್ನ ಕೈಯ ರೊಟ್ಟಿ ತಿಂದು ಊರಿಗೆ ಹೋಗುತ್ತಿದ್ದಳು. ಆ ಬೇಸಿಗೆಯಲ್ಲಿ ಅವಳು ಟ್ರ್ಯಾಕ್ಟರಿನಿಂದ ಬಿದ್ದಳು, ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಬಗಲಿಗೆ ಕೋಲು ಬಂತು. ನಮ್ಮ ಮನೆಗೆ ಬರುವುದನ್ನೇ ನಿಲ್ಲಿಸಿಬಿಟ್ಟಳು.

ಒಂದು ಶನಿವಾರ ಮಧ್ಯಾಹ್ನ ಹಿತ್ತಲಿಗೆ ಹೋದರೆ ತಂತಿಯ ಮೇಲೆ ಒಂದು ಬಿಳಿ ಬೆಡ್‌ಶೀಟು. ಅದರ ತುಂಬ ಕೆಂಪು ಉಂಡೆ ಉಂಡೆ ಕಲೆ. ನನ್ನ ಮೈಯೆಲ್ಲ ಉರಿಯಿತು. ಸೋಪು ಹಚ್ಚಿ, ಕಲ್ಲಿಗೆ ಕುಕ್ಕಿ, ನೀಲಿಯಲ್ಲಿ ಅದ್ದಿ ಹಿಂಡಿ ಹಾಕಿದೆ. ಆಟಕ್ಕೆ ಹೋಗಿದ್ದ ಮೊಮ್ಮಗಳು ಬಂದು ತಂತಿಯ ಮುಂದೆ ನಿಂತಳು.

"ಅಜ್ಜಿ, ಇಲ್ಲಿ ನನ್ನ ಶೀಟ್ ಇತ್ತಲ್ಲ?"

"ಅದ ಇದು. ಏನ್ ಹೊಲಸು ಮಾಡಿದ್ದೆವ್ವ! ಈಗ ನೋಡು, ಹಾಲಿನಂಗ ಆಗೈತಿ."

"ಅಯ್ಯೋ ಅಜ್ಜಿ, ಅದು ಚಿತ್ರ!"

"ಯಾವ ಚಿತ್ರ? ಒಂದ್ ಗಿಳಿ ಇಲ್ಲ, ಒಂದ್ ಹೂವಿಲ್ಲ!"

ಅವಳು ಕಟ್ಟೆಯ ಮೇಲೆ ಕುಸಿದು ಕೂತಳು. ಬಿಕ್ಕುತ್ತ ಹೇಳಿದ್ದು ಇಷ್ಟು. ಆಟದ ಟೀಚರಮ್ಮ ಹೇಳಿಕೊಟ್ಟಿದ್ದರಂತೆ, ಯಾರು ಯಾವುದರಲ್ಲಿ ಆಡುತ್ತಾರೋ ಅದರಿಂದಲೇ ಬಟ್ಟೆಯ ಮೇಲೆ ಚಿತ್ರ ಮಾಡಬೇಕು. ಒಬ್ಬಳು ಸ್ಕಿಪ್ಪಿಂಗ್ ಹಗ್ಗ ಬಡಿದು, ಇನ್ನೊಬ್ಬಳು ಓಟದ ಬೂಟು ಹಾಕಿಕೊಂಡು ಓಡಿ, ಇವಳು ಚೆಂಡು ಎಸೆದು. ಮರುದಿನ ಬೆಳಿಗ್ಗೆ ಕ್ಲಬ್ಬಿನ ಹಾಲ್‌ನಲ್ಲಿ ಅವನ್ನೆಲ್ಲ ತೂಗುಹಾಕುತ್ತಾರೆ. ಬಂದವರು ಕೊಂಡುಕೊಂಡರೆ ಆ ದುಡ್ಡಿನಲ್ಲಿ ಬಂಡ್ರಿಯ ಹುಡುಗಿಗೆ ಕೃತಕ ಕಾಲು.

"ಎಲ್ರೂದೂ ಇರ್ತೈತಿ, ನಂದೊಂದ ಇರಂಗಿಲ್ಲ. ಅಕಿ ಜೋಡಿ ಆಡಾಕಿ ನಾನು."

"ಬಣ್ಣ ಎಲ್ಲಿಂದ ತಂದ್ರಿ?" ಎಂದು ಕೇಳಿದೆ.

"ಎಲ್ಲಿಂದ ತರೋಣ? ರೋಡಿನ ಧೂಳ ನೀರಾಗ ಕಲಸಿದ್ವಿ."

ವರ್ಷವಿಡೀ ನಾನು ತಿಕ್ಕಿ ತೊಳೆದದ್ದನ್ನು ಜನ ದುಡ್ಡು ಕೊಟ್ಟು ಗೋಡೆಗೆ ಹಾಕಿಕೊಳ್ಳುತ್ತಾರೆಯೇ? ಈ ಹುಡುಗಿಯರಿಗೆ ಯಾರಾದರೂ ತಮಾಷೆ ಮಾಡಿದ್ದಾರೋ? ನನಗೆ ಒಂದೂ ತಿಳಿಯಲಿಲ್ಲ. ಆದರೆ ಬರೀ ನೀರಿನಲ್ಲಿ ಕಲಸಿದ ಕೆಮ್ಮಣ್ಣು ಒಣಗಿದ ಮೇಲೆ ಉದುರುತ್ತದೆ, ಅದು ಮಾತ್ರ ಗೊತ್ತಿತ್ತು. ನಮ್ಮೂರಲ್ಲಿ ಹಬ್ಬಕ್ಕೆ ಗೋಡೆಯ ಬುಡಕ್ಕೆ ಕೆಮ್ಮಣ್ಣು ಬಳಿಯುವಾಗ ಅನ್ನದ ಗಂಜಿ ಬೆರೆಸುತ್ತೇವೆ. ಇಲ್ಲದಿದ್ದರೆ ಒರಗಿ ಕೂತವರ ಬೆನ್ನಿಗೆಲ್ಲ ಬಣ್ಣ.

"ಏಳವ್ವ, ಅಳಬ್ಯಾಡ. ಇನ್ನೊಂದ್ ಸಲ ಹೊಡಿ," ಎಂದು ಒಲೆಯ ಮೇಲೆ ಗಂಜಿಗಿಟ್ಟೆ. ಧೂಳಿಗೆ ಹುಡುಕಿದರೆ ನಮ್ಮ ಮನೆಯಲ್ಲಿ ಒಂದು ಚಿಟಿಕೆ ಇಲ್ಲ! ಮುಂಜಾನೆಯೇ ಕಿಟಕಿ, ಮೆಟ್ಟಿಲು ಎಲ್ಲ ಒರೆಸಿ ಇಟ್ಟಿದ್ದೆ. ಲಾರಿಗಳ ರೋಡಿನವರೆಗೆ ಹೋಗಿ ಬರಲು ಹೊತ್ತಿರಲಿಲ್ಲ, ತಟ್ಟೆ ಹಿಡಿದು ಪಕ್ಕದ ಮನೆಯಾಕೆಯ ಬಾಗಿಲಿಗೆ ಹೋದೆ.

"ಸ್ವಲ್ಪ ಧೂಳ ಇದ್ರ ಕೊಡ್ರಿ."

"ಏನ್ರಿ ಅಮ್ಮಾರ, ಜನ ಸಕ್ರಿ ಕೇಳ್ತಾರ, ನೀವು ಧೂಳ ಕೇಳ್ತೀರಿ! ನಿಮ್ಮನಿಯಾಗ ಖಾಲಿ ಆತೇನು? ಬರ್ರಿ, ಕಾರಿನ ಮ್ಯಾಲೆ ಐತಿ, ಬೇಕಾದಷ್ಟು ಬಳಕೊಂಡ್ ಹೋಗ್ರಿ."

ಕಂಪೌಂಡಿನ ಗೋಡೆಗೆ ಶೀಟು ಕಟ್ಟಿದೆವು. ಮೊಮ್ಮಗಳು ಚೆಂಡನ್ನು ಗಂಜಿಯ ಬಣ್ಣದಲ್ಲಿ ಅದ್ದಿ ಅದ್ದಿ ಎಸೆದಳು. ಪಟ್ ಅಂತ ಬಡಿಯುತ್ತಿತ್ತು, ಸುತ್ತಲೂ ಸೂರ್ಯನ ಕಿರಣದ ಹಾಗೆ ಸಿಡಿಯುತ್ತಿತ್ತು. ಅವಳ ಮುಖದಲ್ಲಿ ನಗು ಬಂತು.

"ನೀನೂ ಒಂದ್ ಹೊಡಿ ಅಜ್ಜಿ."

"ನಾ ಒಲ್ಲೆವ್ವ!"

ಅಂದೆ, ಆದರೂ ಹೊಡೆದೆ. ಚೆಂಡು ಶೀಟಿನ ಕೆಳಗಿನ ಮೂಲೆಗೆ ತಾಗಿ, ಉರುಳಿ, ಉದ್ದಕ್ಕೆ ಬಾಲ ಬಿಟ್ಟಿತು.

"ಅಜ್ಜಿ, ಫೌಲ್!" ಎಂದು ಅವಳು ಹೊಟ್ಟೆ ಹಿಡಿದು ನಕ್ಕಳು.

ಭಾನುವಾರ ಹೊಸ ಸೀರೆ ಉಟ್ಟು ಹೋದೆ. ಕ್ಲಬ್ಬಿನ ಹಾಲ್ ತುಂಬ ಜನ. ಎಲ್ಲರೂ ಒಂದೊಂದು ಕಲೆಯ ಮುಂದೆ ಕೈಕಟ್ಟಿ, ದೇವರ ಮುಂದೆ ನಿಂತ ಹಾಗೆ ನಿಂತಿದ್ದರು. ನಾನೂ ಹಾಗೆಯೇ ನಿಂತು ನೋಡಿದೆ, ಏನೂ ಕಾಣಲಿಲ್ಲ. ಬೇರೆ ಶೀಟುಗಳಿಂದ ಕೆಂಪು ಪುಡಿ ನೆಲಕ್ಕೆ ಉದುರುತ್ತಿತ್ತು. ಕೈ ತಡೆಯದೆ ಕಸಬರಿಗೆ ಹುಡುಕಲು ಹೊರಟರೆ ಮೊಮ್ಮಗಳು ನನ್ನ ಸೆರಗು ಹಿಡಿದು ಎಳೆದಳು. "ಸುಮ್ಕ ನಿಂದ್ರು ಅಜ್ಜಿ!"

ನಮ್ಮದನ್ನು ಒಬ್ಬ ಆಫೀಸರ ಹೆಂಡತಿ ಬೆರಳಿನಿಂದ ಸವರಿ ನೋಡಿದರು. ಬೆರಳಿಗೆ ಏನೂ ಹತ್ತಲಿಲ್ಲ. "ಇದನ್ನ ನಾನು ತಗೋತೀನಿ. ಈ ಮೂಲೇಲಿರೋ ಬಾಲ ಎಷ್ಟು ಚೆನ್ನಾಗಿದೆ!" ಎಂದರು. ನನಗೆ ಖುಷಿಯೋ ಖುಷಿ. ಅದು ತಪ್ಪಿ ಬಿದ್ದದ್ದು ಅಂತ ಹೇಳಬೇಕೋ ಬೇಡವೋ ತಿಳಿಯದೆ ಬಾಯಿಗೆ ಬಂದದ್ದು ಹೇಳಿದೆ: "ಒಗಿಬ್ಯಾಡ್ರಿ ಮತ್ತ. ಮನಿಯಾಗ ವಯಸ್ಸಾದವರಿದ್ರ ಮೊದಲ ಹೇಳಿ ಇಡ್ರಿ." ಅವರು ಯಾಕೆ ಅಷ್ಟು ನಕ್ಕರೋ!

ಆ ಚಿತ್ರದ ಅರ್ಥ ಏನು ಅಂತ ಎಷ್ಟೋ ಸಲ ಮೊಮ್ಮಗಳನ್ನು ಕೇಳಿದ್ದೇನೆ. "ಹಂಗೇನಿಲ್ಲ ಅಜ್ಜಿ," ಅನ್ನುತ್ತಾಳೆ. ಅರ್ಥವಿಲ್ಲದ್ದನ್ನು ಅಷ್ಟು ಜನ ಯಾಕೆ ನೋಡಿದರು ಅನ್ನುವುದು ಇವತ್ತಿಗೂ ನನಗೆ ಬಗೆಹರಿದಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಸಂಜೆ ನಡುಮನೆ ಒರೆಸಿ ಬಟ್ಟೆ ಹಿಂಡುತ್ತಿದ್ದೆ. "ಅಜ್ಜಿ, ರೊಟ್ಟಿ ಐತೇನ್ರಿ?" ಎಂಬ ಕೂಗು. ಬಂಡ್ರಿಯ ಹುಡುಗಿ! ಬಗಲಲ್ಲಿ ಕೋಲಿಲ್ಲ. ಹೊಸ್ತಿಲು ದಾಟಿ, ನಿಧಾನಕ್ಕೆ, ಒಂದೊಂದೇ ಹೆಜ್ಜೆ ಇಡುತ್ತ ಅಡುಗೆಮನೆಯವರೆಗೂ ನಡೆದು ಬಂದಳು. ಒದ್ದೆ ನೆಲದ ಮೇಲೆ ಕೆಂಪು ಹೆಜ್ಜೆ ಮೂಡಿದವು. ಎಡಗಾಲಿನದಕ್ಕೆ ಐದು ಬೆರಳು, ಬಲಗಾಲಿನದು ಬರೀ ಉದ್ದಕ್ಕೆ, ನುಣ್ಣಗೆ. ಎಡ, ಬಲ, ಎಡ, ಬಲ, ಬಾಗಿಲಿನಿಂದ ಒಲೆಯವರೆಗೆ.

ಒರೆಸುವ ಬಟ್ಟೆ ನನ್ನ ಕೈಯಲ್ಲೇ ಇತ್ತು. ಒರೆಸಲೋ ಬಿಡಲೋ ತಿಳಿಯದೆ ಹಾಗೇ ನಿಂತುಬಿಟ್ಟೆ.

"ಅಜ್ಜಿ, ಹಸಿವಾಗೈತಿ," ಎಂದಳು ಹುಡುಗಿ.

ಹೆಜ್ಜೆಗಳನ್ನು ತುಳಿಯದೆ ಗೋಡೆಯ ಪಕ್ಕದಿಂದ ಸುತ್ತಿ ಹೋಗಿ ಒಲೆ ಹಚ್ಚಿದೆ.