ಹಸಿ ಬಣ್ಣದ ಸೊಸೆ

ಕೊಪ್ಪಳದ ಮೆಹಜಬೀನ ಕಟ್ಟಿಗೆಯ ನವಿಲುಗಳಿಗೆ ಮುತ್ತಿನ ಬಣ್ಣ ಹಚ್ಚುತ್ತಾಳೆ. ತಿರುಗಿಸಿದಂತೆಲ್ಲ ಹಸಿರು, ನೀಲಿ, ನೇರಳೆಯಾಗುವ ಆ ಬಣ್ಣದ ಪುಡಿಯಿಂದ ಅವಳು ಬಡಿದ ರೊಟ್ಟಿಯೂ ಮಿನುಗುತ್ತದೆ, ಅದನ್ನು ತಿಂದ ಗಂಡ ರಫೀಯ ಗಡ್ಡವೂ ಮಿನುಗುತ್ತದೆ. ಈ ಬಣ್ಣ ಹಚ್ಚುವಾಗ ಕುಂಚವನ್ನು ನಡುವೆ ನಿಲ್ಲಿಸಿದರೆ ಗೆರೆ ಮೂಡಿ ನವಿಲು ಕೆಡುತ್ತದೆ. ಹಾಗಾಗಿ ರಫೀ ಚಹಾ ಕೇಳಲಿ, ಮಗಳು ಜಡೆ ಹಾಕು ಎನ್ನಲಿ, ಒಲೆಯ ಮೇಲೆ ಹಾಲೇ ಉಕ್ಕಲಿ, ಅವಳದು ಒಂದೇ ಮಾತು: "ರೆಕ್ಕಿ ಹಸಿ ಐತಿ, ಏಳಾಕ ಬರೂದಿಲ್ಲ!" ಒಂದೊಂದು ರೆಕ್ಕೆಗೆ ಮೂರು ಚಹಾದಷ್ಟು ಹೊತ್ತು ಬೇಕು, ರಫೀ ಚಹಾ ಕಾಸಲು ಕಲಿತದ್ದೇ ನವಿಲುಗಳ ದೆಸೆಯಿಂದ. ನಿನ್ನೆ ಅತ್ತೆ ನೂರಜಾನಬಿ ಅನುಮಾನದಿಂದ ಬಂದು ರೆಕ್ಕೆ ಮುಟ್ಟಿ ನೋಡಿದರು. ಅದು ಯಾವಾಗಲೋ ಒಣಗಿತ್ತು. ಕುಂಚದಲ್ಲಿದ್ದುದು ಬರೀ ನೀರು. ಮೆಹಜಬೀನಳ ಕೈ ನಿಂತೇಹೋಯಿತು. ಅಷ್ಟರಲ್ಲಿ ಒಳಗಿನಿಂದ ರಫೀ, "ಅಮ್ಮೀ, ರೊಟ್ಟಿ ಬಡಿ ಅಂತ ಹೇಳು ಆಕಿಗೆ!" ಎಂದು ಕೂಗಿದ. "ಇನ್ನೂ ಹಸಿ ಐತೋ, ನೀನ ಬಡ್ಕೋ!" ಎಂದು ತಿರುಗಿ ಕೂಗಿದ ಅತ್ತೆ, ಮಂಡಿ ಹಿಡಿದುಕೊಂಡು ಸೊಸೆಯ ಪಕ್ಕದಲ್ಲೇ ಕುಳಿತು ದನಿ ತಗ್ಗಿಸಿದರು: "ಇಷ್ಟು ವರ್ಸ ಒಲಿ ಮುಂದ ಕುಂತ್ರೂ ನನಗ ಇದು ಹೊಳೀಲಿಲ್ಲ ನೋಡು. ನನಗೂ ಒಂದು ಬ್ರಷ್ ಕೊಡು, ಬೇಟಿ."